ನಾಲ್ಕು ಇಂಚು ಜಾಗ ಯಾರದು?

2014ರ ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೆರಿಕದ ನ್ಯೂವಾರ್ಕ್‌ನಿಂದ ಡೆನ್ವರ್‌ಗೆ ಹೊರಟ ಯುನೈಟೆಡ್ ಏರ್‌ಲೈನ್ಸ್ ವಿಮಾನ ದಾರಿ ಬದಲಿಸಿ ಷಿಕಾಗೊದಲ್ಲಿ ಇಳಿಯಬೇಕಾಯಿತು. ಕಾರಣ ಒಂದು ಸೀಟು. ಹಿಂದಿನ ಸಾಲಿನ ಪ್ರಯಾಣಿಕರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಮುಂದಿನ ಸೀಟು ತಮ್ಮತ್ತ ವಾಲದಿರಲೆಂದು ಟ್ರೇಯ ತೋಳುಗಳಿಗೆ ‘ನೀ ಡಿಫೆಂಡರ್’ ಎಂಬ ಪ್ಲಾಸ್ಟಿಕ್ ತುಂಡುಗಳನ್ನು ಸಿಕ್ಕಿಸಿದ್ದರು. ವಿಮಾನದ ಸಿಬ್ಬಂದಿ ಹೇಳಿದರೂ ಅವರು ಅದನ್ನು ತೆಗೆಯಲಿಲ್ಲ. ಮುಂದಿನ ಸೀಟಿನ ಮಹಿಳೆ ತಿರುಗಿ ಅವರ ಮೇಲೆ ನೀರು ಎರಚಿದರು. ಇಬ್ಬರನ್ನೂ ಷಿಕಾಗೊದಲ್ಲಿ ಇಳಿಸಿ ವಿಮಾನ ಮುಂದಕ್ಕೆ ಹೋಯಿತು. ಅದಾಗಿ ಹತ್ತು ದಿನ ಕಳೆಯುವುದರೊಳಗೆ ಇದೇ ಬಗೆಯ ಜಗಳದಿಂದ ಇನ್ನೂ ಎರಡು ವಿಮಾನಗಳು ದಾರಿ ಬಿಟ್ಟು ಇಳಿದವು. ಮಯಾಮಿಯಿಂದ ಪ್ಯಾರಿಸ್‌ಗೆ ಹೊರಟದ್ದು ಬಾಸ್ಟನ್‌ನಲ್ಲಿ ಇಳಿಯಿತು, ನ್ಯೂಯಾರ್ಕ್‌ನಿಂದ ವೆಸ್ಟ್ ಪಾಮ್ ಬೀಚ್‌ಗೆ ಹೊರಟದ್ದು ಜಾಕ್ಸನ್‌ವಿಲ್‌ನಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲ ಜಗಳ ನಡೆದದ್ದು ಮಾಮೂಲಿ ಸಾಲುಗಳಲ್ಲಲ್ಲ, ಕಾಲು ಚಾಚಲು ಹೆಚ್ಚು ಜಾಗವಿದೆ ಎಂದು ಬೇರೆಯಾಗಿ ಮಾರುವ ಸಾಲುಗಳಲ್ಲಿ.

ಇಂಥ ಸುದ್ದಿ ಬಂದಾಗಲೆಲ್ಲ ಓದುಗರು ಎರಡು ಪಕ್ಷವಾಗುತ್ತಾರೆ. ಸೀಟಿಗೆ ಗುಂಡಿ ಕೊಟ್ಟಿರುವುದೇ ಒತ್ತುವುದಕ್ಕೆ, ಒತ್ತಿದ್ದರಲ್ಲಿ ತಪ್ಪೇನು ಎಂದು ಒಂದು ಪಕ್ಷ ಕೇಳುತ್ತದೆ. ಬೇರೆಯವರ ಮೊಣಕಾಲು ಒತ್ತಿ ತಾನು ಸುಖಪಡುವುದು ಯಾವ ನಾಗರಿಕತೆ ಎಂದು ಇನ್ನೊಂದು ಪಕ್ಷ ಕೇಳುತ್ತದೆ. ಎರಡೂ ಪಕ್ಷಗಳು ಪ್ರಯಾಣಿಕರ ಸ್ವಭಾವವನ್ನು ಅಳೆಯುತ್ತವೆ. ಆ ಜಾಗವನ್ನು ಮಾರಿದವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮುಂದಿನವರಿಗೆ ‘ಇದು ಹಿಂದಕ್ಕೆ ಒರಗುವ ಸೀಟು’ ಎಂದು ವಿಮಾನ ಸಂಸ್ಥೆ ಮಾರಿದೆ. ಅದೇ ಜಾಗವನ್ನು ‘ಇದು ನಿಮ್ಮ ಟ್ರೇ, ಇದು ನಿಮ್ಮ ಕಾಲಿನ ಸ್ಥಳ’ ಎಂದು ಹಿಂದಿನವರಿಗೂ ಮಾರಿದೆ. ಒಂದೇ ಸೈಟನ್ನು ಇಬ್ಬರಿಗೆ ನೋಂದಣಿ ಮಾಡಿಕೊಟ್ಟರೆ ಕೊಂಡವರಿಬ್ಬರೂ ಪ್ರಾಮಾಣಿಕರಾಗಿದ್ದರೂ ಬೇಲಿಯ ಹತ್ತಿರ ಜಗಳ ತಪ್ಪದು. ಈ ನಾಲ್ಕು ಇಂಚು ಯಾವ ಹೊತ್ತಿನಲ್ಲಿ ಯಾರದು ಎಂದು ಹೇಳುವ ಹೊಣೆ ಮಾರಿದವರದೇ ಎಂಬುದು ಈ ಲೇಖನದ ವಾದ. ಅದನ್ನು ಇಬ್ಬರು ಅಪರಿಚಿತರ ಸೌಜನ್ಯಕ್ಕೆ ಬಿಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ.

ಗುಂಡಿ ಹಳೆಯದು, ಜಾಗ ಹೊಸದು

ಸೀಟು ವಾಲುವ ಬಗೆಯನ್ನು ತುಸು ಹತ್ತಿರದಿಂದ ನೋಡೋಣ. ಕೈಯಿಡುವ ತೋಳಿನ ಗುಂಡಿ ಒತ್ತಿದರೆ ಒಳಗಿನ ತಂತಿ ಎಳೆದು ಸೀಟಿನ ಅಡಿಯಲ್ಲಿರುವ ಸಣ್ಣ ಸಿಲಿಂಡರಿನ ಬೀಗ ಸಡಿಲವಾಗುತ್ತದೆ. ಆಗ ಬೆನ್ನಿನ ಭಾಗ ಸೊಂಟದ ಹತ್ತಿರದ ಕೀಲಿನ ಮೇಲೆ ತಿರುಗಿ ಹಿಂದಕ್ಕೆ ಹೋಗುತ್ತದೆ. ಕೀಲು ಕೆಳಗಿರುವುದರಿಂದ ಬುಡ ಅಷ್ಟಾಗಿ ಸರಿಯುವುದಿಲ್ಲ, ತುದಿ ಹೆಚ್ಚು ಸರಿಯುತ್ತದೆ. ಇಕಾನಮಿ ಕ್ಲಾಸಿನಲ್ಲಿ ತುದಿ ಸರಿಯುವುದು ಹೆಚ್ಚುಕಡಿಮೆ ಎರಡರಿಂದ ನಾಲ್ಕು ಇಂಚು. ಹಾಗಾಗಿ ಹಿಂದಿನವರಿಗೆ ದೊಡ್ಡ ನಷ್ಟವಾಗುವುದು ಮುಖದ ಮುಂದೆ ಮತ್ತು ಟ್ರೇಯ ಮೇಲೆ. ಟ್ರೇಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದರೆ ಅದರ ಪರದೆಯ ಮೇಲಂಚು ಮುಂದಿನ ಸೀಟಿನ ತಗ್ಗಿನಲ್ಲಿ ಸಿಕ್ಕಿಕೊಂಡು ಬಿರುಕು ಬಿಡಬಹುದು. ಉದ್ದ ಕಾಲಿನವರ ಮೊಣಕಾಲು ಮೊದಲೇ ಮುಂದಿನ ಸೀಟಿಗೆ ತಾಗಿರುತ್ತದೆ. ಅವರಿಗೆ ಒಂದಿಂಚು ಸರಿದರೂ ನೋವು. ಮಡಿಲಲ್ಲಿ ಕೂಸು ಇಟ್ಟುಕೊಂಡ ತಾಯಿಗೆ ಮಗುವಿನ ತಲೆ ಕಾಯುವುದೇ ಕೆಲಸವಾಗುತ್ತದೆ.

ಒಂದು ಸೀಟಿನ ಒಂದು ಬಿಂದುವಿನಿಂದ ಅದರ ಹಿಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರವನ್ನು ಈ ಉದ್ಯಮದಲ್ಲಿ ‘ಸೀಟ್ ಪಿಚ್’ ಎನ್ನುತ್ತಾರೆ. ಸೀಟಿನ ದಪ್ಪವೂ ಇದರಲ್ಲೇ ಸೇರಿರುವುದರಿಂದ ಕಾಲಿಗೆ ಸಿಗುವ ಜಾಗ ಇದಕ್ಕಿಂತ ಎಷ್ಟೋ ಕಡಿಮೆ. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಿಸುವ ಮುಂಚೆ ಈ ಅಳತೆ 35 ಇಂಚಿನ ಆಸುಪಾಸಿನಲ್ಲಿತ್ತು. ಈಗ 30–31 ಇಂಚು ಮಾಮೂಲಿ, ಅಗ್ಗದ ದರದ ಕೆಲವು ಸಂಸ್ಥೆಗಳಲ್ಲಿ 28. ಸೀಟಿನ ಬೆನ್ನನ್ನು ತೆಳುವಾಗಿಸಿ ಈ ನಷ್ಟವನ್ನು ಸ್ವಲ್ಪ ತುಂಬಿಕೊಟ್ಟಿದ್ದಾರೆ ಎಂಬುದು ನಿಜ. ಆದರೆ ಪೂರ್ತಿ ತುಂಬಿಲ್ಲ. ಬೆನ್ನು ತೆಳುವಾದರೆ ಮೊಣಕಾಲಿಗೆ ಅನುಕೂಲವಾದೀತು, ಮುಖದ ಮುಂದೆ ಬಂದು ನಿಲ್ಲುವ ಸೀಟಿನ ತುದಿ ದೂರವಾಗುವುದಿಲ್ಲ. 35 ಇಂಚಿನಲ್ಲಿ ನಾಲ್ಕು ಇಂಚು ಹಿಂದಕ್ಕೆ ಒರಗಿದಾಗ ಹಿಂದಿನವರು ಸಹಿಸಬಹುದಿತ್ತು. ಅದೇ ಗುಂಡಿ, ಅದೇ ಕೀಲು 30 ಇಂಚಿನ ಸಾಲಿಗೂ ಬಂದಾಗ ಸಹಿಸುವ ಜಾಗವೇ ಉಳಿಯಲಿಲ್ಲ. ಪ್ರಯಾಣಿಕರ ನಡತೆ ಕೆಟ್ಟಿದ್ದರಿಂದ ಜಗಳ ಹೆಚ್ಚಿತು ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

‘ಎಲ್ಲರೂ ಒರಗಿದರೆ ಯಾರಿಗೂ ನಷ್ಟವಿಲ್ಲ’

ಗುಂಡಿಯ ಪರವಾದ ಅತ್ಯಂತ ಗಟ್ಟಿ ವಾದ ಇದು: ಮುಂದಿನವರು ಒರಗಿದರೆ ನೀವೂ ಒರಗಿ, ಹಾಗೆ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರೆ ಲೆಕ್ಕ ಸರಿಹೋಗುತ್ತದೆ. ಕೇಳಲು ನ್ಯಾಯವಾಗಿ ಕಾಣುತ್ತದೆ, ಆದರೆ ವಿಮಾನದೊಳಗೆ ಈ ಸರಪಳಿಗೆ ಎರಡು ತುದಿಗಳಿವೆ. ಮೊದಲ ಸಾಲಿನವರ ಮುಂದೆ ಸೀಟೇ ಇಲ್ಲ, ಅವರಿಗೆ ಬರೀ ಲಾಭ. ಕೊನೆಯ ಸಾಲಿನ ಹಿಂದೆ ಅನೇಕ ವಿಮಾನಗಳಲ್ಲಿ ಗೋಡೆ ಅಥವಾ ಶೌಚಾಲಯ ಇರುತ್ತದೆ, ಆ ಸೀಟು ಒರಗುವುದೇ ಇಲ್ಲ, ಅವರಿಗೆ ಬರೀ ನಷ್ಟ. ತುರ್ತು ಬಾಗಿಲಿನ ದಾರಿಗೆ ಅಡ್ಡವಾಗಬಾರದೆಂದು ಅದರ ಮುಂದಿನ ಸಾಲಿನ ಸೀಟುಗಳನ್ನೂ ಸಾಮಾನ್ಯವಾಗಿ ಬಿಗಿಮಾಡಿರುತ್ತಾರೆ. 2020ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಒಬ್ಬ ಪ್ರಯಾಣಿಕ ಮುಂದಿನ ಮಹಿಳೆಯ ಸೀಟಿಗೆ ಮತ್ತೆ ಮತ್ತೆ ಗುದ್ದುವ ವಿಡಿಯೊ ಜಗತ್ತೆಲ್ಲ ಹರಿದಾಡಿತು. ಆತ ಕೂತಿದ್ದದ್ದು ಕೊನೆಯ ಸಾಲಿನಲ್ಲಿ. ಆತ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ನೀನೂ ಒರಗು’ ಎಂಬ ಸಲಹೆ ಆತನ ಪಾಲಿಗೆ ಅರ್ಥವಿಲ್ಲದ್ದಾಗಿತ್ತು. ನಡುವಿನ ಸಾಲುಗಳಲ್ಲೂ ಲೆಕ್ಕ ಪೂರ್ತಿ ಸರಿಹೋಗದು. ನೀವು ಹಿಂದಕ್ಕೆ ಒರಗಿದಾಗ ನಿಮ್ಮ ತಲೆ ಹಿಂದೆ ಹೋಗುತ್ತದೆ, ಮೊಣಕಾಲು ಇದ್ದಲ್ಲೇ ಇರುತ್ತದೆ. ಊಟದ ತಟ್ಟೆಗೂ ಬಾಯಿಗೂ ನಡುವಿನ ದೂರ ಹೆಚ್ಚುತ್ತದೆ. ನಿದ್ದೆ ಮಾಡುವವರಿಗೆ ಸರಿದೂಗಿದ್ದು ಕೆಲಸ ಮಾಡುವವರಿಗೆ ಸರಿದೂಗುವುದಿಲ್ಲ.

ಒರಗುವುದರ ಬೆಲೆ ಎಷ್ಟೆಂದು ತೋರಿಸಿದ ಒಂದು ಪ್ರಯೋಗ ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್ ಸಂಸ್ಥೆಯದು. ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ಅದು ದೂರದ ಮಾರ್ಗಗಳ ಇಕಾನಮಿ ಕ್ಲಾಸಿಗೆ ಹೊಸ ಬಗೆಯ ಸೀಟು ತಂದಿತು. ಹೊರಗಿನ ಚಿಪ್ಪು ಕದಲುವುದಿಲ್ಲ. ಗುಂಡಿ ಒತ್ತಿದರೆ ಕೂರುವ ಭಾಗ ಚಿಪ್ಪಿನೊಳಗೇ ಮುಂದಕ್ಕೆ ಜಾರಿ ಬೆನ್ನು ಒರಗುತ್ತದೆ. ಹಿಂದಿನವರಿಗೆ ಒಂದಿಂಚೂ ನಷ್ಟವಿಲ್ಲ, ಒರಗುವವರ ಮೊಣಕಾಲೇ ಮುಂದಿನ ಚಿಪ್ಪಿನ ಹತ್ತಿರ ಹೋಗುತ್ತದೆ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಟು ಸಿಗಲಾರದು, ಸುಖ ಯಾರದೋ ಬೆಲೆಯೂ ಅವರದೇ. ಪ್ರಯಾಣಿಕರು ಮಾತ್ರ ಅದನ್ನು ಒಪ್ಪಲಿಲ್ಲ. ಸೀಟು ಗಟ್ಟಿ, ಸರಿಯಾಗಿ ಒರಗುವುದಿಲ್ಲ, ಕಾಲಿಗೆ ಜಾಗವಿಲ್ಲ ಎಂಬ ದೂರುಗಳು ಬಂದು ಕೆಲವೇ ವರ್ಷಗಳಲ್ಲಿ ಸಂಸ್ಥೆ ಅದನ್ನು ಬದಲಿಸಿ ಹಳೆಯ ಪದ್ಧತಿಯ ಸೀಟಿಗೆ ಮರಳಿತು. ಒರಗುವ ಸುಖದ ಒಂದು ದೊಡ್ಡ ಪಾಲು ಬೇರೆಯವರಿಂದ ಪಡೆದದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಹಾಗೆಂದು ಒರಗುವುದು ಬರೀ ಶೋಕಿ ಎನ್ನಲಾಗದು. ಕೂತಾಗ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯ ಮೇಲೆ ಬೀಳುವ ಒತ್ತಡವನ್ನು ಸ್ವೀಡನ್ನಿನ ಮೂಳೆ ತಜ್ಞ ಆಲ್ಫ್ ನಾಕೆಮ್ಸನ್ ದಶಕಗಳ ಹಿಂದೆಯೇ ಅಳೆದು ತೋರಿಸಿದ್ದರು. ಆಸರೆಯಿಲ್ಲದೆ ನೆಟ್ಟಗೆ ಕೂತರೆ ಆ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು, ಬೆನ್ನನ್ನು ಹಿಂದಕ್ಕೆ ಚೆಲ್ಲಿದರೆ ಕಡಿಮೆ. 2006ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಎಂಆರ್‌ಐ ಯಂತ್ರದಲ್ಲಿ ಜನರನ್ನು ಕೂರಿಸಿ ನೋಡಿದಾಗ ತೊಡೆಗೂ ಬೆನ್ನಿಗೂ ನಡುವೆ ಸುಮಾರು 135 ಡಿಗ್ರಿ ಕೋನವಿದ್ದರೆ ಬೆನ್ನಿಗೆ ಹಿತ ಎಂದು ಕಂಡುಕೊಂಡರು. ಇಕಾನಮಿ ಸೀಟು ಅಷ್ಟು ದೂರ ಎಂದೂ ಹೋಗುವುದಿಲ್ಲ, ಹೋಗುವ ದಿಕ್ಕು ಮಾತ್ರ ಸರಿಯಾದದ್ದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೊಗೂ ನೇರ ವಿಮಾನ ಆರಂಭಿಸಿದಾಗ ಅದು ಹದಿನಾರು ಗಂಟೆಗೂ ಮೀರಿದ ಪ್ರಯಾಣವಾಗಿತ್ತು. ಅಷ್ಟು ದೂರ, ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಹೊರಟ ಅರವತ್ತು ದಾಟಿದವರನ್ನು ನೆಟ್ಟಗೆ ಕೂತೇ ಹೋಗಿ ಎನ್ನುವುದು ಕ್ರೌರ್ಯ. ಆದ್ದರಿಂದ ಎಲ್ಲ ಸೀಟುಗಳನ್ನೂ ಎಲ್ಲ ಕಾಲಕ್ಕೂ ಬಿಗಿದುಬಿಡಿ ಎಂಬ ಪರಿಹಾರವನ್ನೂ ಒಪ್ಪಲಾಗದು.

ದುಡ್ಡು ಮತ್ತು ಸೌಜನ್ಯ, ಎರಡರ ಮಿತಿ

ಅರ್ಥಶಾಸ್ತ್ರಜ್ಞರು ಇನ್ನೊಂದು ದಾರಿ ಹೇಳುತ್ತಾರೆ. 1991ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ಕೋಸ್ 1960ರ ಒಂದು ಪ್ರಬಂಧದಲ್ಲಿ ಮಂಡಿಸಿದ ವಿಚಾರ ಅದಕ್ಕೆ ಆಧಾರ. ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು ಚೌಕಾಸಿಗೆ ಖರ್ಚು ಇಲ್ಲದಿದ್ದರೆ, ಆ ವಸ್ತು ಯಾರಿಗೆ ಹೆಚ್ಚು ಬೇಕೋ ಅವರ ಕೈಗೇ ಕೊನೆಗೆ ಸೇರುತ್ತದೆ. ಅಂದರೆ, ಒರಗುವ ಹಕ್ಕು ಮುಂದಿನವರದು ಎಂದಿಟ್ಟುಕೊಳ್ಳಿ, ಬೇಡವೆನಿಸಿದ ಹಿಂದಿನವರು ದುಡ್ಡು ಕೊಟ್ಟು ತಡೆಯಲಿ. ಇದನ್ನು ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರಾದ ಕ್ರಿಸ್ಟಫರ್ ಬುಕಾಫಸ್ಕೊ ಮತ್ತು ಕ್ರಿಸ್ಟಫರ್ ಸ್ಪ್ರಿಗ್ಮನ್ 2014ರಲ್ಲಿ ಸಮೀಕ್ಷೆ ಮಾಡಿ ಪರೀಕ್ಷಿಸಿದರು. ಆರು ಗಂಟೆಯ ಪ್ರಯಾಣದಲ್ಲಿ ಒರಗದೇ ಇರಲು ಮುಂದಿನವರು ಸರಾಸರಿ 41 ಡಾಲರ್ ಕೇಳಿದರು, ಹಿಂದಿನವರು ಕೊಡಲು ಸಿದ್ಧರಿದ್ದದ್ದು ಸರಾಸರಿ 18. ಆಮೇಲೆ ಹಕ್ಕನ್ನು ಹಿಂದಿನವರಿಗೆ ಕೊಟ್ಟು ಕೇಳಿದರು. ಆಗ ಒರಗಲು ಮುಂದಿನವರು ಕೊಡಲೊಪ್ಪಿದ್ದು ಸರಾಸರಿ 12 ಡಾಲರ್, ಹಿಂದಿನವರು ಕೇಳಿದ್ದು 39. ಅದೇ ಜಾಗ, ಅದೇ ಕಷ್ಟ. ‘ನನ್ನದು’ ಎಂದು ಹೇಳಿಬಿಟ್ಟೊಡನೆ ಅದರ ಬೆಲೆ ಏರುತ್ತದೆ. ಹೀಗಾಗಿ ಹಕ್ಕನ್ನು ಆರಂಭದಲ್ಲಿ ಯಾರಿಗೆ ಕೊಡುತ್ತೀರೋ ಅದು ಬಹುಮಟ್ಟಿಗೆ ಅವರ ಬಳಿಯೇ ಉಳಿಯುತ್ತದೆ. ಮಾರುಕಟ್ಟೆ ತಾನಾಗಿ ಸರಿಪಡಿಸುತ್ತದೆ ಎಂದು ಕಾದು ಕೂತರೆ ಪ್ರಯೋಜನವಿಲ್ಲ, ಆರಂಭದ ಹಂಚಿಕೆಯೇ ನ್ಯಾಯವಾಗಿರಬೇಕು. ಇಷ್ಟಕ್ಕೂ ನಮ್ಮ ಕಡೆ ಅಪರಿಚಿತರ ಕೈಗೆ ‘ಒರಗಬೇಡಿ’ ಎಂದು ನೋಟು ಚಾಚಿದರೆ ತೆಗೆದುಕೊಳ್ಳುವವರಿಗಿಂತ ಅವಮಾನ ಪಡುವವರೇ ಹೆಚ್ಚು.

ಹಾಗಾದರೆ ಕೇಳಿ ಒರಗಲಿ ಎನ್ನಬಹುದು. 2020ರ ಆ ವಿಡಿಯೊ ಸುದ್ದಿಯಾದಾಗ ಡೆಲ್ಟಾ ಏರ್‌ಲೈನ್ಸ್‌ನ ಮುಖ್ಯಸ್ಥ ಎಡ್ ಬಾಸ್ಟಿಯನ್ ಹೇಳಿದ್ದೂ ಇದನ್ನೇ: ಒರಗುವ ಹಕ್ಕು ಇದೆ, ಆದರೆ ಹಿಂದೆ ಎತ್ತರದವರಿದ್ದರೆ ಮೊದಲು ಕೇಳುವುದು ಸರಿ. ಒಳ್ಳೆಯ ಮಾತು. ಆದರೂ ಸೀಟುಗಳನ್ನು ಎಷ್ಟು ಹತ್ತಿರ ಕೂರಿಸಬೇಕೆಂದು ತೀರ್ಮಾನಿಸುವ ಸಂಸ್ಥೆಯೊಂದರ ಮುಖ್ಯಸ್ಥರು ಆ ಹೊಣೆಯನ್ನು ಪ್ರಯಾಣಿಕರ ನಾಲಿಗೆಯ ಮೇಲೆ ಇಟ್ಟರು ಎಂಬುದನ್ನು ಮರೆಯಬಾರದು. ಕೇಳುವುದು ಎಲ್ಲರಿಗೂ ಒಂದೇ ರೀತಿ ಸುಲಭವಲ್ಲ. ಇಂಗ್ಲಿಷ್ ಚೆನ್ನಾಗಿ ಬರುವ, ಹತ್ತಾರು ಸಲ ಹಾರಿದ ಯುವಕ ಮುಂದಿನವರ ಭುಜ ತಟ್ಟಿ ‘ಸ್ವಲ್ಪ ಮುಂದೆ ಮಾಡ್ತೀರಾ’ ಎನ್ನುತ್ತಾನೆ. ಮೊದಲ ಬಾರಿ ವಿಮಾನ ಹತ್ತಿದ ಹಳ್ಳಿಯ ತಾಯಿಗೆ ಆ ಸೀಟು ಮುಂದಕ್ಕೂ ಬರುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಯಾವ ಭಾಷೆಯಲ್ಲಿ ಕೇಳುವುದೆಂದು ಸುಮ್ಮನಾಗುತ್ತಾಳೆ. ಬರೀ ಸೌಜನ್ಯದ ಮೇಲೆ ನಿಂತ ಏರ್ಪಾಟಿನಲ್ಲಿ ಬಾಯಿ ಇದ್ದವರಿಗೆ ಜಾಗ ಸಿಗುತ್ತದೆ, ಸಹಿಸಿಕೊಳ್ಳುವವರು ಸಹಿಸುತ್ತಲೇ ಇರುತ್ತಾರೆ. ಎಲ್ಲರಿಗೂ ಗೊತ್ತಿರುವ ನಿಯಮ ಬೇಕಾಗಿರುವುದು ಈ ಸುಮ್ಮನಿರುವವರಿಗಾಗಿ.

ರೈಲಿನ ನಡುಬರ್ತ್ ಕಲಿಸುವ ಪಾಠ

ಇಂಥ ನಿಯಮ ಸಾಧ್ಯವೇ ಎಂದು ಅನುಮಾನಿಸುವವರು ನಮ್ಮ ರೈಲಿನ ಸ್ಲೀಪರ್ ಬೋಗಿಯನ್ನು ನೋಡಬೇಕು. ನಡುವಿನ ಬರ್ತನ್ನು ಬಿಚ್ಚಿ ಸರಪಳಿಗೆ ಸಿಕ್ಕಿಸಿದರೆ ಕೆಳಗಿನವರು ತಲೆಯೆತ್ತಿ ಕೂರುವಂತಿಲ್ಲ. ಬಿಚ್ಚದಿದ್ದರೆ ನಡುಬರ್ತಿನವರು ಮಲಗುವಂತಿಲ್ಲ. ಇಬ್ಬರೂ ದುಡ್ಡು ಕೊಟ್ಟವರೇ. ಒಂದೇ ಜಾಗಕ್ಕೆ ಎರಡು ಹಕ್ಕುಗಳು ತಗಲಿಕೊಂಡ ಸ್ಥಿತಿ ಇಲ್ಲೂ ವಿಮಾನದಲ್ಲಿರುವಂಥದ್ದೇ. ರೈಲ್ವೆ ಇದನ್ನು ಪ್ರಯಾಣಿಕರ ಚೌಕಾಸಿಗೆ ಬಿಡಲಿಲ್ಲ, ಗಡಿಯಾರಕ್ಕೆ ಕಟ್ಟಿತು. 2017ರ ಸುತ್ತೋಲೆಯ ಪ್ರಕಾರ ಮಲಗುವ ಹೊತ್ತು ರಾತ್ರಿ 10ರಿಂದ ಬೆಳಗಿನ 6. ಅದಕ್ಕೂ ಮುಂಚೆ ಅದು 9 ಗಂಟೆಗೇ ಶುರುವಾಗುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಕೆಳಗಿನ ಬರ್ತು ಎಲ್ಲರೂ ಕೂರುವ ಸೀಟು. ಕಾಯಿಲೆಯವರು, ಅಂಗವಿಕಲರು, ಗರ್ಭಿಣಿಯರು ಬೇಗ ಮಲಗಬೇಕೆಂದರೆ ಸಹಕರಿಸಿ ಎಂದು ಸುತ್ತೋಲೆಯೇ ಹೇಳುತ್ತದೆ. ಈ ನಿಯಮ ಬಂದ ಮಾತ್ರಕ್ಕೆ ಬೋಗಿಯಲ್ಲಿ ತಕರಾರು ನಿಂತಿಲ್ಲ. ಆದರೆ ತಕರಾರು ಬಂದಾಗ ಟಿ.ಟಿ.ಇ. ಹೇಳಬಹುದಾದ ಉತ್ತರವೊಂದಿದೆ. ಆ ಉತ್ತರ ಕೆಳಗಿನವರಿಗೂ ಮೇಲಿನವರಿಗೂ ಮೊದಲೇ ಗೊತ್ತಿದೆ. ಯಾರು ಜೋರು, ಯಾರು ಮೆತ್ತಗೆ ಎಂಬುದರ ಮೇಲೆ ತೀರ್ಪು ನಿಲ್ಲುವುದಿಲ್ಲ.

ವಿಮಾನದಲ್ಲಿ ಈ ವ್ಯವಸ್ಥೆಯ ಅರ್ಧ ಭಾಗ ಆಗಲೇ ಇದೆ. ಏರುವಾಗ, ಇಳಿಯುವಾಗ ಸೀಟು ನೆಟ್ಟಗಿರಲೇಬೇಕು. ಅವಘಡವಾದರೆ ಹಿಂದಿನವರು ಬೇಗ ಹೊರಬರಬೇಕೆಂಬುದು ಅದರ ಹಿಂದಿನ ಕಾರಣ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಊಟ ಕೊಡುವಾಗ ನೆಟ್ಟಗೆ ಮಾಡಿ ಎಂದು ಅನೇಕ ಸಂಸ್ಥೆಗಳ ಸಿಬ್ಬಂದಿ ಕೋರುತ್ತಾರೆ. ಇದನ್ನೇ ಮುಂದುವರಿಸಬೇಕು. ಬೆಂಗಳೂರಿನಿಂದ ಹೈದರಾಬಾದ್, ಮುಂಬೈ, ದೆಹಲಿಯಂಥ ಮೂರು ಗಂಟೆಯೊಳಗಿನ ಪ್ರಯಾಣಗಳಲ್ಲಿ ಸೀಟಿನ ಬೆನ್ನು ತುಸು ಒರಗಿದ ಸ್ಥಿತಿಯಲ್ಲೇ ಬಿಗಿಯಾಗಿರಲಿ. ಯುರೋಪಿನ ರೈಯನ್‌ಏರ್, ಅಮೆರಿಕದ ಸ್ಪಿರಿಟ್ ಇಂಥ ಕದಲದ ಸೀಟುಗಳನ್ನು ವರ್ಷಗಳ ಹಿಂದೆಯೇ ತಂದವು. ದೂರದ ಪ್ರಯಾಣದಲ್ಲಿ ಸಿಬ್ಬಂದಿ ದೀಪ ಆರಿಸಿದ ಮೇಲೆ ಎಲ್ಲರೂ ಒರಗಬಹುದು, ಹಿಂದಿನವರು ತಕರಾರು ತೆಗೆಯುವಂತಿಲ್ಲ. ದೀಪ ಹೊತ್ತಿದ ಮೇಲೆ, ಊಟದ ಹೊತ್ತಿನಲ್ಲಿ ಎಲ್ಲರೂ ನೆಟ್ಟಗೆ. ಬೆನ್ನುನೋವಿನವರು, ಗರ್ಭಿಣಿಯರು, ಹಿರಿಯರಿಗೆ ವಿನಾಯಿತಿ ಇರಲಿ, ಅವರ ಹಿಂದಿನ ಸೀಟನ್ನು ಎತ್ತರದವರಿಗೆ ಕೊಡದಿರುವ ಜವಾಬ್ದಾರಿ ಸಂಸ್ಥೆಯದಾಗಲಿ. ಕೊನೆಯ ಸಾಲನ್ನು, ತುರ್ತು ಬಾಗಿಲಿನ ಮುಂದಿನ ಸಾಲನ್ನು ‘ಇದು ಒರಗುವುದಿಲ್ಲ’ ಎಂದು ಮುಂಚೆಯೇ ತಿಳಿಸಿ ಕಡಿಮೆ ಬೆಲೆಗೆ ಮಾರಲಿ.

ಇದಕ್ಕೂ ಆಕ್ಷೇಪಗಳಿವೆ. ವಿಮಾನ ಹತ್ತು ಕಾಲವಲಯ ದಾಟುವಾಗ ಯಾವುದು ರಾತ್ರಿ ಎಂದು ಕೇಳಬಹುದು. ದೀಪ ಯಾವಾಗ ಆರಿಸಬೇಕು, ಕಿಟಕಿ ಯಾವಾಗ ಮುಚ್ಚಿಸಬೇಕು ಎಂಬುದನ್ನು ಈಗಲೂ ಸಿಬ್ಬಂದಿಯೇ ತೀರ್ಮಾನಿಸುತ್ತಾರೆ, ಅದೇ ತೀರ್ಮಾನ ಇದಕ್ಕೂ ಸಾಕು. ಸಿಬ್ಬಂದಿಗೆ ಹೊಸ ಹೊರೆ ಎನ್ನಬಹುದು. ಅವರು ಈಗಲೂ ಇಬ್ಬರ ನಡುವೆ ನಿಂತು ರಾಜಿ ಮಾಡಿಸುತ್ತಿದ್ದಾರೆ, ನಿಯಮವಿಲ್ಲದ ರಾಜಿಗಿಂತ ನಿಯಮ ಓದಿ ಹೇಳುವುದು ಹಗುರ. ಹೆಚ್ಚು ಜಾಗ ಬೇಕಾದವರು ಹೆಚ್ಚು ದುಡ್ಡು ಕೊಡಲಿ, ಜನ ಅಗ್ಗದ ಟಿಕೆಟನ್ನೇ ಆರಿಸಿಕೊಂಡಿದ್ದಾರಲ್ಲ ಎಂಬುದು ಇನ್ನೊಂದು ಮಾತು. ಇದರಲ್ಲಿ ಸ್ವಲ್ಪ ನಿಜವಿದೆ. 2000ದಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಾವಿರಾರು ಸೀಟು ಕಿತ್ತು ಇಕಾನಮಿಯಲ್ಲೆಲ್ಲ ಕಾಲಿನ ಜಾಗ ಹೆಚ್ಚಿಸಿತು. ಕೆಲವು ವರ್ಷಗಳಲ್ಲೇ ಆ ಪ್ರಯತ್ನ ಕೈಬಿಟ್ಟು ಸೀಟುಗಳನ್ನು ಮತ್ತೆ ತುಂಬಿತು. ಆದರೆ ಟಿಕೆಟ್ ಹುಡುಕುವಾಗ ದರ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ, ಪಿಚ್ ಎಷ್ಟು, ಸೀಟು ಎಷ್ಟು ಒರಗುತ್ತದೆ ಎಂಬುದು ಕಾಣುವುದೇ ಇಲ್ಲ. ಕಾಣದ್ದನ್ನು ಆರಿಸಿಕೊಳ್ಳಲಿಲ್ಲ ಎಂದು ಜನರನ್ನು ದೂರಲಾಗದು. ದರದ ಪಕ್ಕದಲ್ಲೇ ಈ ಎರಡು ಅಂಕಿಗಳನ್ನು ಮುದ್ರಿಸುವುದಕ್ಕೆ ವಿಮಾನ ಸಂಸ್ಥೆಗಳಿಗೆ ಒಂದು ಪೈಸೆ ಖರ್ಚಿಲ್ಲ.

ಅತ್ಯಂತ ಗಂಭೀರ ಆಕ್ಷೇಪ ಬೇರೆಯದು. ಸೀಟು ಬಿಗಿದರೆ ಸಂಸ್ಥೆಗಳು ಸಾಲುಗಳನ್ನು ಇನ್ನೂ ಹತ್ತಿರ ಕೂರಿಸುತ್ತವೆ, ಒರಗುವುದನ್ನೇ ಬೇರೆ ಸೌಕರ್ಯವಾಗಿ ಮಾರುತ್ತವೆ. ಈ ಭಯಕ್ಕೆ ಆಧಾರವಿದೆ. 2025ರಲ್ಲಿ ಕೆನಡಾದ ವೆಸ್ಟ್‌ಜೆಟ್ ತನ್ನ ಹಲವು ಬೋಯಿಂಗ್ 737 ವಿಮಾನಗಳಲ್ಲಿ ಕದಲದ ಸೀಟು ಹಾಕಿ, ಒರಗುವ ಸೀಟನ್ನು ಮೇಲ್ದರ್ಜೆಗೆ ಮೀಸಲಿಡುವುದಾಗಿ ಪ್ರಕಟಿಸಿ ಟೀಕೆಗೆ ಗುರಿಯಾಯಿತು. ಹಾಗಾಗಿ ಸೀಟು ಬಿಗಿಯುವ ನಿಯಮದ ಜೊತೆಗೇ ಕನಿಷ್ಠ ಪಿಚ್ಚಿನ ನಿಯಮವೂ ಬರಬೇಕು. ಅದು ಸುಲಭವಲ್ಲ ಎಂಬುದನ್ನು ಅಮೆರಿಕದ ಅನುಭವ ತೋರಿಸುತ್ತದೆ. 2017ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕುಗ್ಗುತ್ತಿರುವ ಸೀಟುಗಳ ಬಗ್ಗೆ ಮತ್ತೆ ಪರಿಶೀಲಿಸುವಂತೆ ವಿಮಾನಯಾನ ಪ್ರಾಧಿಕಾರಕ್ಕೆ ಹೇಳಿತು. ಸೀಟಿನ ಕನಿಷ್ಠ ಅಳತೆ ಗೊತ್ತುಮಾಡಿ ಎಂದು 2018ರಲ್ಲಿ ಸಂಸತ್ತು ಕಾನೂನು ಮಾಡಿತು. 2022ರಲ್ಲಿ ಅಭಿಪ್ರಾಯ ಕೇಳಿದಾಗ 26 ಸಾವಿರಕ್ಕೂ ಹೆಚ್ಚು ಜನ ಬರೆದರು. ಆದರೆ ಪ್ರಾಧಿಕಾರ ನಡೆಸಿದ ಪರೀಕ್ಷೆ, 90 ಸೆಕೆಂಡಿನಲ್ಲಿ ವಿಮಾನ ಖಾಲಿಮಾಡಲು ಸೀಟಿನ ಅಳತೆ ಅಡ್ಡಿಯೇ ಎಂಬ ಒಂದು ಪ್ರಶ್ನೆಯ ಸುತ್ತಲೇ ಇತ್ತು. ಅದರಲ್ಲೂ ಅರವತ್ತರೊಳಗಿನ ಆರೋಗ್ಯವಂತರನ್ನೇ ಬಳಸಲಾಯಿತು. ಜೀವ ಉಳಿಯುವುದೊಂದೇ ಅಳತೆಗೋಲಾದರೆ ನೆಮ್ಮದಿಯ ಲೆಕ್ಕ ಯಾರೂ ಇಡುವುದಿಲ್ಲ.

ನಮ್ಮಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯ 2017ರಲ್ಲಿ ಅಶಿಸ್ತಿನ ಪ್ರಯಾಣಿಕರ ಬಗ್ಗೆ ನಿಯಮ ತಂದಿದೆ. ಬೈಗುಳಕ್ಕೆ ಮೂರು ತಿಂಗಳವರೆಗೆ, ನೂಕುವುದು ಒದೆಯುವುದಕ್ಕೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ವಿಮಾನ ಹತ್ತುವಂತಿಲ್ಲ. ಜಗಳಕ್ಕೆ ಶಿಕ್ಷೆ ಇಷ್ಟು ವಿವರವಾಗಿ ಬರೆದವರು ಜಗಳ ಹುಟ್ಟಿಸುವ ಜಾಗಕ್ಕೂ ಒಂದು ಪುಟ ಬರೆಯಬಹುದು. ಅಲ್ಲಿಯವರೆಗೆ ಪ್ರಯಾಣಿಕರು ಮಾಡಬೇಕಾದದ್ದು ಹೆಚ್ಚಿಲ್ಲ. ಒರಗುವ ಮುಂಚೆ ಹಿಂದೆ ನೋಡಿ ಒಂದು ಮಾತು ಹೇಳುವುದು, ನಿಧಾನವಾಗಿ ಒರಗುವುದು, ಊಟದ ಹೊತ್ತಿಗೆ ಎದ್ದು ಕೂರುವುದು. ಹಿಂದಿನವರು ಮೊಣಕಾಲಿನಿಂದ ತಳ್ಳದೆ, ಬೀಗ ಹಾಕದೆ ಬಾಯಿಬಿಟ್ಟು ಕೇಳುವುದು. ಇಷ್ಟು ಮಾಡುವುದು ನಮ್ಮ ಕರ್ತವ್ಯ, ಇದರಿಂದ ಒಂದೊಂದು ಪ್ರಯಾಣ ಹಗುರವಾಗುತ್ತದೆ. ಆದರೆ ಪ್ರಯಾಣಿಕರು ಪರಸ್ಪರ ಹೊಂದಿಕೊಂಡಷ್ಟೂ ವಿಮಾನ ಸಂಸ್ಥೆಗೆ ತಾನು ಮಾಡಿದ್ದು ಸರಿಯೆಂದೇ ಅನ್ನಿಸುತ್ತದೆ. ಆದ್ದರಿಂದ ದೂರು ಬರೆಯುವ ಸಂದರ್ಭ ಬಂದರೆ ಮುಂದಿನ ಸೀಟಿನವರ ಮೇಲೆ ಬರೆಯುವುದು ಬೇಡ. ಪಿಚ್ ಎಷ್ಟು, ಒರಗುವ ಹೊತ್ತು ಯಾವುದು, ಟಿಕೆಟ್ ಮಾರುವಾಗ ಅದನ್ನೇಕೆ ಹೇಳಲಿಲ್ಲ ಎಂದು ಸಂಸ್ಥೆಯನ್ನೇ ಕೇಳೋಣ, ಪ್ರತಿಯನ್ನು ನಿರ್ದೇಶನಾಲಯಕ್ಕೂ ಕಳಿಸೋಣ. ಉತ್ತರ ಕೊಡಬೇಕಾದವರು ಅವರು.